ಪ್ರೈಮರ್ ಉಪಕರಣ: ಬೆಲೆಗಿಂತ ಮೊದಲು ತಡೆ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಗುಂಡು ಕೊಳ್ಳುವವರ ಹಿನ್ನೆಲೆ ತಪಾಸಣೆ 2019ರ ಜುಲೈ 1ರಂದು ಶುರುವಾಯಿತು. ಖಾಲಿ ತೋಟಾಗಳನ್ನು ಮನೆಯಲ್ಲೇ ಮರಳಿ ತುಂಬಿಕೊಳ್ಳುವ ಹವ್ಯಾಸ ಅದಕ್ಕಿಂತ ಎಷ್ಟೋ ಹಳೆಯದು. ಆ ರಾಜ್ಯದ ನೆವಾರ್ಕ್‌ನಂಥ ಊರಿನಲ್ಲಿ ಇದಕ್ಕೆ ಕೈಹಾಕುವವರು ಮೊದಲ ಉಪಕರಣವನ್ನೇ, ಅಂದರೆ ಪ್ರೈಮರ್ ಕೂರಿಸುವ ಕೈಉಪಕರಣವನ್ನೇ, ಎಚ್ಚರದಿಂದ ಆರಿಸಬೇಕು.

ಪ್ರೈಮರ್ ಎಂದರೆ ಪೆಟ್ಟು ಬಿದ್ದೊಡನೆ ಸಿಡಿಯುವ ಪುಟ್ಟ ಲೋಹದ ಬಟ್ಟಲು. ಉಪಕರಣದ ಸನ್ನೆ ಒತ್ತಿದಾಗ ಅದು ಖಾಲಿ ತೋಟಾದ ಬುಡದ ಗುಳಿಯೊಳಗೆ ಇಳಿದು, ಅಂಚಿಗಿಂತ ಸುಮಾರು 0.1 ಮಿ.ಮೀ. ಕೆಳಗೆ ಕೂರಬೇಕು. ಮೇಲೆದ್ದು ನಿಂತರೆ ಅಪಾಯ. ತಳ ಮುಟ್ಟಿದ್ದು ಅಂಗೈಗೆ ತಿಳಿಯುವುದೇ ಕೈಉಪಕರಣದ ದೊಡ್ಡ ಗುಣ.

ಉಪಕರಣದ ತಟ್ಟೆಯಲ್ಲಿ ನೂರು ಪ್ರೈಮರ್ ಇರುವಾಗ ಒಂದು ಸಿಡಿದರೆ ಉಳಿದವೂ ಸಿಡಿಯಬಹುದು. ಹಾಗಾಗಿ ಒತ್ತುವ ಕಡ್ಡಿಗೂ ತಟ್ಟೆಗೂ ನಡುವೆ ತಡೆಯಿಲ್ಲದ್ದನ್ನು, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳಲೇಬಾರದು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 1943ರಲ್ಲಿ ಹುಟ್ಟಿದ ಆರ್‌ಸಿಬಿಎಸ್ ಕಂಪನಿಯ ಯೂನಿವರ್ಸಲ್ ಮಾದರಿಯಲ್ಲಿ ಅಂಥ ತಡೆಯಿದೆ. ಲೀ ಕಂಪನಿಯಂತೂ ತನ್ನ ಹಳೆಯ ಆಟೊ ಪ್ರೈಮ್‌ಗೆ ಸಿಸಿಐ, ವಿಂಚೆಸ್ಟರ್ ಪ್ರೈಮರ್‌ಗಳನ್ನಷ್ಟೇ ಬಳಸಿ ಎಂದು ಎಚ್ಚರಿಸಿತ್ತು.

ಸೆಕೆಂಡ್‌ಹ್ಯಾಂಡ್ ಉಪಕರಣ ಕೊಳ್ಳುವವರು ಇಂಥ ಎಚ್ಚರಿಕೆಗಳಿರುವ ಸೂಚನಾ ಚೀಟಿಯನ್ನೂ ಕೇಳಿ ಪಡೆಯಲಿ. ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ. ಬಹುತೇಕ ಪ್ರೈಮರ್‌ಗಳಲ್ಲಿ ಸೀಸವಿರುವುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯಬೇಕು.