ಹೃದ್ರೋಗಿಯ ನಡಿಗೆ

ಹೃದಯಾಘಾತದಿಂದ ಬದುಕುಳಿದು ಮನೆಗೆ ಮರಳಿದವರನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ ಪ್ರೀತಿಯೆಷ್ಟು, ಭಯವೆಷ್ಟು ಎಂದು ವಿಂಗಡಿಸಿ ಹೇಳುವುದು ಕಷ್ಟ. ಮಹಡಿಯ ಮೇಲಿದ್ದ ಹಾಸಿಗೆ ಕೆಳಗಿನ ಕೋಣೆಗೆ ಇಳಿಯುತ್ತದೆ. ತರಕಾರಿಯ ಚೀಲ ಕೈ ತಪ್ಪುತ್ತದೆ. ಬಾಗಿಲು ತಟ್ಟಿದ ಸದ್ದಿಗೆ ಎದ್ದರೆ ಸಾಕು, “ನೀವು ಕೂತಿರಿ, ನಾವು ನೋಡ್ತೀವಿ” ಎಂಬ ಮಾತು ಒಳಗಿನಿಂದ ಬರುತ್ತದೆ. ಈ ಭಯವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ; ಒಂದು ಕಾಲಕ್ಕೆ ಅದು ವೈದ್ಯಶಾಸ್ತ್ರದ ಭಯವೇ ಆಗಿದ್ದಿತು.

ಎದೆಶೂಲೆಯನ್ನು 1772ರಷ್ಟು ಹಿಂದೆಯೇ ಸ್ಪಷ್ಟವಾಗಿ ಬಣ್ಣಿಸಿದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್, ದಿನವೂ ಅರ್ಧ ಗಂಟೆ ಮರ ಕೊಯ್ಯುವುದನ್ನು ನಿಯಮವಾಗಿಟ್ಟುಕೊಂಡ ರೋಗಿಯೊಬ್ಬನು ಬಹುಮಟ್ಟಿಗೆ ಗುಣಹೊಂದಿದನೆಂದು ಬರೆದಿಟ್ಟಿದ್ದಾರೆ. ಆ ಸುಳಿವನ್ನು ಮುಂದಿನವರು ಹಿಡಿಯಲಿಲ್ಲ. 1939ರಲ್ಲಿ ಬಾಸ್ಟನ್ನಿನ ಮ್ಯಾಲರಿ, ಪಾಲ್ ಡಡ್ಲಿ ವೈಟ್ ಮತ್ತವರ ಸಂಗಡಿಗರು 72 ಮಂದಿಯ ಹೃದಯಗಳನ್ನು ಮರಣೋತ್ತರವಾಗಿ ಪರೀಕ್ಷಿಸಿ, ಸತ್ತ ಮಾಂಸಖಂಡದ ಎಡೆಯಲ್ಲಿ ಗಟ್ಟಿಯಾದ ಕಲೆ ಕಟ್ಟಿಕೊಳ್ಳಲು ಹಲವು ವಾರಗಳೇ ಹಿಡಿಯುತ್ತವೆಂದು ತೋರಿಸಿದ ಮೇಲಂತೂ, ಅಷ್ಟು ಕಾಲವೂ ರೋಗಿ ನಿಶ್ಚಲನಾಗಿ ಮಲಗಿರತಕ್ಕದ್ದೆಂಬ ವಿಧಿಗೆ ಶಾಸ್ತ್ರದ ಬಲ ಒದಗಿತು. ಉಣಿಸುವವಳೂ ದಾದಿ, ಮಗ್ಗುಲು ಹೊರಳಿಸುವವಳೂ ದಾದಿ. ಮಲಮೂತ್ರ ವಿಸರ್ಜನೆಯೂ ಮಲಗಿದಲ್ಲಿಯೇ. ಹೀಗೆ ಮಲಗಿದವರಲ್ಲಿ ಎಷ್ಟೋ ಮಂದಿ, ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಸಾಗಿ ಸಿಕ್ಕಿಕೊಂಡದ್ದರಿಂದ ತೀರಿಹೋದರು. ಅವರ ಮರಣಕ್ಕೆ ಹೃದಯಕ್ಕಿಂತ ಹಾಸಿಗೆಯೇ ಹೆಚ್ಚಿನ ಕಾರಣವಾಗಿದ್ದಿತು.

ಅದೇ ಬಾಸ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಲೆವೈನ್ ಮತ್ತು ಅವರ ಶಿಷ್ಯ ಬರ್ನಾರ್ಡ್ ಲೌನ್, ಹೃದಯಾಘಾತವಾದ 81 ಮಂದಿಯನ್ನು ಕೆಲವೇ ದಿನಗಳೊಳಗೆ ಹಾಸಿಗೆಯಿಂದ ಎತ್ತಿ ಒರಗುಕುರ್ಚಿಯಲ್ಲಿ ಕೂರಿಸಿ, ಅದರ ಫಲವನ್ನು 1952ರಲ್ಲಿ ಪ್ರಕಟಿಸಿದರು. ಮಲಗಿದಾಗ ಕಾಲುಗಳ ರಕ್ತವೆಲ್ಲ ಎದೆಯತ್ತ ಹಿಂದಿರುಗಿ ನೊಂದ ಹೃದಯದ ಹೊರೆಯನ್ನು ಹೆಚ್ಚಿಸುತ್ತದೆ, ಕಾಲು ಇಳಿಬಿಟ್ಟು ಕುಳಿತರೆ ಆ ಹೊರೆ ಇಳಿಯುತ್ತದೆ ಎಂಬುದು ಲೆವೈನರ ತರ್ಕ. ಕುರ್ಚಿಯಲ್ಲಿ ಕೂರುವುದೂ ಒಂದು ಸಾಹಸವೇ ಎಂದು ಇಂದಿನವರಿಗೆ ತೋರಬಹುದು; ಅಂದು ಅದಕ್ಕೆ ಬೇಕಾಗಿದ್ದ ಧೈರ್ಯ ಸಾಮಾನ್ಯವಾದುದಲ್ಲ. ಮೂರು ವರ್ಷಗಳ ತರುವಾಯ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೃದಯಾಘಾತಕ್ಕೆ ಗುರಿಯಾದಾಗ ಕರೆಬಂದದ್ದು ಪಾಲ್ ಡಡ್ಲಿ ವೈಟ್‌ಗೆ. ಕಲೆ ಕಟ್ಟುವ ವಾರಗಳನ್ನು ಎಣಿಸಿದವರಲ್ಲಿ ಒಬ್ಬರಾದ ಅವರೇ ಅಧ್ಯಕ್ಷರನ್ನು ಹಂತಹಂತವಾಗಿ ಎಬ್ಬಿಸಿ, ನಡೆಸಿ, ಮರುವರ್ಷ ಕರ್ತವ್ಯದಲ್ಲಿ ಮುಂದುವರಿಯಲು ಅಡ್ಡಿಯಿಲ್ಲವೆಂದು ಲೋಕಕ್ಕೆ ಸಾರಿದರು. ತಾವು ಕಟ್ಟಿದ ಜ್ಞಾನಕ್ಕೆ ತಾವೇ ಸೆರೆಯಾಗದ ಈ ಗುಣ ನನಗೆ ವಂದನೀಯವಾಗಿ ಕಾಣುತ್ತದೆ.

ನಿಶ್ಚಲತೆಯು ಆರೋಗ್ಯವಂತರನ್ನೂ ಹೇಗೆ ಕೆಡಿಸುತ್ತದೆಂಬುದನ್ನು 1966ರಲ್ಲಿ ಡಲ್ಲಾಸಿನಲ್ಲಿ ಐವರು ತರುಣರನ್ನು ಮೂರು ವಾರ ಮಲಗಿಸಿ ಅಳೆದು ನೋಡಿದರು: ಪರಮಾವಧಿ ಶ್ರಮದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ದೇಹಶಕ್ತಿಯು ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿದ್ದಿತು. ಅದೇ ಐವರನ್ನು ಮೂವತ್ತು ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ಮುಪ್ಪು ಮಾಡಿದ ಹಾನಿಯು ಆ ಮೂರು ವಾರಗಳ ಹಾನಿಯಷ್ಟೂ ಇರಲಿಲ್ಲ.

ಕ್ರಮಬದ್ಧವಾದ ವ್ಯಾಯಾಮ ಇದಕ್ಕೆ ಪ್ರತಿಯಾಗಿ ಮಾಡುವ ಉಪಕಾರವು ಹೃದಯದಲ್ಲಿ ಮಾತ್ರವಲ್ಲದೆ ಕಾಲಿನ ಮಾಂಸಖಂಡಗಳಲ್ಲಿಯೂ ನಡೆಯುತ್ತದೆ. ಅಲ್ಲಿ ಸೂಕ್ಷ್ಮನಾಳಗಳು ಹೆಚ್ಚಿ, ಬಂದ ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುವ ಸಾಮರ್ಥ್ಯ ಬೆಳೆದಂತೆಲ್ಲ, ಅದೇ ದೂರ ನಡೆಯಲು ಹೃದಯವು ಮೊದಲಿನಷ್ಟು ಬಡಿಯಬೇಕಾಗುವುದಿಲ್ಲ. ಬಡಿತ ನಿಧಾನವಾದರೆ ಬಡಿತಗಳ ನಡುವಣ ವಿರಾಮ ದೀರ್ಘವಾಗುತ್ತದೆ. ಹೃದಯದ ಸ್ವಂತ ನಾಳಗಳಿಗೆ ರಕ್ತ ತುಂಬುವುದು ಮುಖ್ಯವಾಗಿ ಆ ವಿರಾಮದಲ್ಲಿಯೇ. ಆದಕಾರಣ ಮೊದಲು ನೂರು ಹೆಜ್ಜೆಗೆ ಎದೆ ಬಿಗಿಯುತ್ತಿದ್ದವರು ಕ್ರಮೇಣ ಬೀದಿಯ ಕೊನೆಯವರೆಗೆ ಹೋಗಿಬರಬಲ್ಲವರಾಗುತ್ತಾರೆ.

ಆದರೆ ಇಲ್ಲಿ ಪ್ರಮಾಣವೇ ಪ್ರಾಣ. ಮೊದಲು ಟ್ರೆಡ್‌ಮಿಲ್ಲಿನ ಮೇಲೆ ಇ.ಸಿ.ಜಿ. ನೋಡುತ್ತ ರೋಗಿಯ ಶಕ್ತಿಯನ್ನು ಅಳೆಯಬೇಕು. ಬಳಿಕ ಮೆಲ್ಲನೆ ಆರಂಭಿಸಬೇಕು, ಮೆಲ್ಲನೆಯೇ ಮುಗಿಸಬೇಕು. ವೇಗದಲ್ಲಿದ್ದವರು ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲಿ ಉಳಿದು ತಲೆ ಸುತ್ತೀತು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿಯು ಶ್ರಮಕ್ಕೆ ತಕ್ಕಷ್ಟು ಏರದಾದ್ದರಿಂದ ನಾಡಿಯೊಂದನ್ನೇ ನಂಬುವಂತಿಲ್ಲ. ಸ್ವೀಡನ್ನಿನ ಗುನ್ನಾರ್ ಬೋರ್ಗ್, ರೋಗಿಗೆ ತನ್ನ ಶ್ರಮ ಎಷ್ಟೆನಿಸುತ್ತದೆಂದು 6ರಿಂದ 20ರವರೆಗಿನ ಅಂಕಗಳಲ್ಲಿ ಅವನೇ ಹೇಳುವ ಮಾಪನವನ್ನು ರೂಪಿಸಿದ್ದು ಅಲ್ಲಿ ನೆರವಿಗೆ ಬರುತ್ತದೆ. ಸಾಮಾನ್ಯವಾಗಿ 11ರಿಂದ 13ರ ನಡುವೆ, ಅಂದರೆ ನಡೆಯುತ್ತಲೇ ಜೊತೆಯವರೊಡನೆ ಮಾತನಾಡಬಲ್ಲಷ್ಟರಲ್ಲಿ, ನಿಲ್ಲುವುದು ಕ್ಷೇಮ. ಎದೆ ಬಿಗಿದರೆ, ಅಸಾಧಾರಣವಾಗಿ ಏದುಸಿರು ಬಂದರೆ, ಅಂದಿಗೆ ಅಷ್ಟೇ ಎಂದು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನಮ್ಮಲ್ಲಿ ರೋಗಿಯ ಕೈಗೆ ಬರುವ ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊತ್ತು, ಮಿಲಿಗ್ರಾಂ ಎಲ್ಲವೂ ಇದ್ದು, ನಡಿಗೆಗೆ ಮಾತ್ರ ‘ವಾಕಿಂಗ್ ಮಾಡಿ’ ಎಂಬ ಬಾಯಿಮಾತೇ ಗತಿಯಾಗಿರುವುದು ನನ್ನನ್ನು ನೋಯಿಸುತ್ತದೆ. ಎಷ್ಟು ಹೊತ್ತು, ಎಷ್ಟು ವೇಗ, ಯಾವ ವಾರ ಎಷ್ಟು ಹೆಚ್ಚಿಸಬೇಕು ಎಂಬುದೂ ಔಷಧದಂತೆಯೇ ಬರೆದುಕೊಡತಕ್ಕ ಸಂಗತಿ. ಯಂತ್ರೋಪಕರಣಗಳಿಲ್ಲದೆಡೆಯಲ್ಲಿಯೂ ಇದು ಅಸಾಧ್ಯವಲ್ಲ. ಭಾರತದ 24 ಆಸ್ಪತ್ರೆಗಳಲ್ಲಿ ಸುಮಾರು ನಾಲ್ಕು ಸಾವಿರ ಮಂದಿಯ ಮೇಲೆ ಯೋಗಾಧಾರಿತ ಪುನಶ್ಚೇತನವನ್ನು ಪರೀಕ್ಷಿಸಿ, 2020ರಲ್ಲಿ ಪ್ರಕಟಿಸಿದ ಅಧ್ಯಯನವು, ಮರಣವೂ ಮರು ಆಘಾತವೂ ಇದರಿಂದ ಖಚಿತವಾಗಿ ತಗ್ಗಿದುವೆಂದು ಸಿದ್ಧಪಡಿಸಲಾರದೆ ಹೋಯಿತು. ಆದರೆ ಅಭ್ಯಾಸ ಮಾಡಿದವರು ತಮ್ಮ ಆರೋಗ್ಯ ಸುಧಾರಿಸಿದೆಯೆಂದು ತಾವೇ ಹೇಳಿದರು, ಹಿಂದಿನ ದಿನಚರಿಗೆ ಹೆಚ್ಚು ಮಟ್ಟಿಗೆ ಮರಳಿದರು. ದಿನದ ಕೂಲಿಯನ್ನೋ ಅಂಗಡಿಯನ್ನೋ ನಂಬಿದ ಸಂಸಾರದಲ್ಲಿ ಈ ಎರಡನೆಯ ಫಲವನ್ನು ನಾನು ಕಿರಿದೆನ್ನಲಾರೆ.