ಕತ್ತಿ ಬೇಡ ಅನ್ನುವ ಮೊದಲು ಕತ್ತಿಯನ್ನು ಒತ್ತಿ ನೋಡೋಣ



ವಾರ್ಷಿಕೋತ್ಸವ ಹತ್ತಿರ ಬಂತು ಅಂದರೆ ನಮ್ಮ ಶಾಲೆಗಳಲ್ಲಿ ಎರಡು ವಸ್ತುಗಳಿಗೆ ಎಲ್ಲಿಲ್ಲದ ಬೇಡಿಕೆ. ಒಂದು ಬಣ್ಣದ ಕಾಗದ, ಇನ್ನೊಂದು ಮರದ ಪಟ್ಟಿ. ಪಟ್ಟಿಗೆ ಬೆಳ್ಳಿ ಕಾಗದ ಸುತ್ತಿದರೆ ಕತ್ತಿ ತಯಾರು. ನಮ್ಮ ಕಾಸರಗೋಡಿನ ಕಡೆಯ ಮಕ್ಕಳಿಗಂತೂ ಕತ್ತಿ, ಗದೆ, ಬಿಲ್ಲು ಹೊಸತಲ್ಲ. ರಾತ್ರಿ ಆಟ ನೋಡಿ ಬಂದವರು ಬೆಳಿಗ್ಗೆ ಅಂಗಳದಲ್ಲಿ ಅದೇ ಯುದ್ಧವನ್ನು ಮತ್ತೊಮ್ಮೆ ಮಾಡದೆ ಬಿಟ್ಟದ್ದುಂಟೇ?

ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಅಭಿಮನ್ಯುವಿನ ನಾಟಕದ ಅಭ್ಯಾಸ ನಡೆಯುತ್ತಿತ್ತು. ನಾನು ಒಂದು ಮೂಲೆಯಲ್ಲಿ ಕೂತು ಕಿರೀಟಕ್ಕೆ ಮಣಿ ಅಂಟಿಸುತ್ತಿದ್ದೆ. "ಟೀಚರ್, ರಕ್ತ!" ಅಂತ ಕೂಗು ಕೇಳಿ ತಿರುಗಿದರೆ ಎಂಟನೇ ತರಗತಿಯ ಹುಡುಗನೊಬ್ಬ ಮುಖ ಮುಚ್ಚಿಕೊಂಡು ನಿಂತಿದ್ದ. ಎದುರಿನವನ ಪಟ್ಟಿ ಜಾರಿ ಹುಬ್ಬಿಗೆ ಬಡಿದಿತ್ತು. ಮೂರು ಹೊಲಿಗೆ ಬಿತ್ತು. ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಅಂತ ವೈದ್ಯರು ಹೇಳಿದರು. ಆ ಕತ್ತಿಗಳನ್ನು ಕೊಡುವ ಮೊದಲು ನಾನು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ತಪ್ಪು ನನ್ನದೇ.

ಮರುವಾರದ ಸಭೆಯಲ್ಲಿ ಇನ್ನು ಮುಂದೆ ನಾಟಕದಲ್ಲಿ ಹೊಡೆದಾಟ ಬೇಡ ಅಂತ ತೀರ್ಮಾನವಾಯಿತು. ನಾನೂ ಕೈ ಎತ್ತಿದೆ. ಮುಂದಿನ ವರ್ಷ ಯುದ್ಧವೆಲ್ಲ ಪರದೆಯ ಹಿಂದೆ ನಡೆಯಿತು. ಆದರೆ ಅದೇ ವಾರ ಊಟದ ಬಿಡುವಿನಲ್ಲಿ ನೀರಿನ ಟಾಂಕಿಯ ಹಿಂದೆ ಹೋಗಿ ನೋಡಿದೆ. ನಾಲ್ಕು ಹುಡುಗರು, ಇಬ್ಬರು ಹುಡುಗಿಯರು. ಕೈಯಲ್ಲಿ ಮುರಿದ ಕೊಡೆಯ ಕಡ್ಡಿ! ನಾವು ಮರದ ಪಟ್ಟಿಯನ್ನು ನಿಲ್ಲಿಸಿದೆವು, ಅವರು ಕಬ್ಬಿಣ ಹಿಡಿದರು.

ಆ ದಿನದಿಂದ ನನ್ನ ಅಭಿಪ್ರಾಯ ಬದಲಾಗಿದೆ. ಅದನ್ನೇ ಇಲ್ಲಿ ಹೇಳುತ್ತೇನೆ. ಆಟದ ಕತ್ತಿಯನ್ನು ನಿಷೇಧಿಸುವುದು ಸುಲಭ, ಆದರೆ ಅದರಿಂದ ಯಾರ ಕಣ್ಣೂ ಉಳಿಯುವುದಿಲ್ಲ. ಮೆತ್ತಗಿನ ಕತ್ತಿಯನ್ನು ನೀವೇ ಮಾಡಬೇಕು, ನೀವೇ ಪರೀಕ್ಷಿಸಬೇಕು, ಪರೀಕ್ಷೆಯಲ್ಲಿ ಸೋತದ್ದನ್ನು ನೀವೇ ಬದಿಗಿಡಬೇಕು. ಇದು ನಾಟಕದ ಕೆಲಸ ಮಾತ್ರವಲ್ಲ, ವಿಜ್ಞಾನದ ಪಾಠವೂ ಹೌದು.

ಇದನ್ನು ಬಹಳ ಗಂಭೀರವಾಗಿ ಮಾಡುವವರು ಹೊರದೇಶಗಳಲ್ಲಿದ್ದಾರೆ. ಅಲ್ಲಿ 'ಲಾರ್ಪ್' ಅನ್ನುವ ಒಂದು ಆಟ ಉಂಟು. ಆಟಗಾರರೇ ಪಾತ್ರಗಳಾಗಿ ವೇಷ ಹಾಕಿ ಮೈದಾನದಲ್ಲೋ ಕಾಡಿನಲ್ಲೋ ಕತೆಯನ್ನು ಆಡುತ್ತಾ ಹೋಗುತ್ತಾರೆ. ಬರೆದಿಟ್ಟ ಮಾತಿಲ್ಲ. ನಮ್ಮ ಯಕ್ಷಗಾನದ ಅರ್ಥಗಾರಿಕೆಯ ಹಾಗೆ ಮಾತು ಅಲ್ಲೇ ಹುಟ್ಟಬೇಕು. ವ್ಯತ್ಯಾಸ ಏನೆಂದರೆ, ನಮ್ಮ ಪ್ರಸಂಗದಲ್ಲಿ ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತು, ಅಲ್ಲಿ ಗೊತ್ತಿಲ್ಲ. 1977ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಕಡೆ ಡಾಗೊರ್‌ಹಿರ್ ಎಂಬ ಕೂಟ ಶುರುವಾಯಿತು. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ಟ್ರೆಷರ್ ಟ್ರ್ಯಾಪ್ ಎಂಬ ಆಟ ಆರಂಭವಾಯಿತು. ಇಂಥ ಆಟಗಳಲ್ಲಿ ಜನ ನಿಜವಾಗಿಯೇ ಒಬ್ಬರಿಗೊಬ್ಬರು ಏಟು ಕೊಡುತ್ತಾರೆ. ಹಾಗಾಗಿ ಅವರ ಕತ್ತಿ ಫೋಮಿನದು. ಆಟ ಶುರುವಾಗುವ ಮೊದಲು ಪ್ರತಿಯೊಂದು ಆಯುಧವನ್ನೂ ಒಬ್ಬರು ಒತ್ತಿ, ಬಗ್ಗಿಸಿ, ಬೇಕಾದರೆ ಏಟು ತಿಂದೂ ನೋಡುತ್ತಾರೆ. ಪಾಸಾದರೆ ಮಾತ್ರ ಮೈದಾನಕ್ಕೆ.

ಈಗ ನಿಮ್ಮ ಒಂಬತ್ತನೇ ತರಗತಿಯ ಪಾಠಕ್ಕೆ ಬನ್ನಿ. ತೆಂಗಿನಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಅದೇ ಎತ್ತರದಿಂದ ಹೊಯ್ಗೆಯ ಮೇಲೆ ಬಿದ್ದರೆ ಒಡೆಯುವುದಿಲ್ಲ. ಯಾಕೆ? ಎರಡು ಸಲವೂ ಸಂವೇಗ ಒಂದೇ. ಆದರೆ ಹೊಯ್ಗೆಯಲ್ಲಿ ಕಾಯಿ ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ. ಸಮಯ ಹೆಚ್ಚಾದಷ್ಟು ಬಲ ಕಡಿಮೆ.

ಕತ್ತಿಗೂ ಇದೇ ಲೆಕ್ಕ. 300 ಗ್ರಾಂ ತೂಕದ ಪಟ್ಟಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಸಂವೇಗ 0.3 × 6 = 1.8 ಕಿ.ಗ್ರಾಂ.ಮೀ/ಸೆ. ಮರದ ಪಟ್ಟಿ ನಿಮ್ಮ ಚರ್ಮವನ್ನು 3 ಮಿಲಿಮೀಟರ್ ಒತ್ತಿ ನಿಂತಿತು ಅನ್ನಿ. ಸರಾಸರಿ ವೇಗ 3 ಮೀಟರ್, ಹಾಗಾಗಿ ನಿಲ್ಲಲು ತಗಲಿದ ಸಮಯ 0.001 ಸೆಕೆಂಡ್. ಬಲ 1800 ನ್ಯೂಟನ್! ಈಗ ಅದೇ ಏಟು ಫೋಮಿನ ಮೂಲಕ ಬಂದು, ಫೋಮು 15 ಮಿಲಿಮೀಟರ್ ಕುಗ್ಗಿ ನಿಂತಿತು ಅನ್ನಿ. ಸಮಯ 0.005 ಸೆಕೆಂಡ್, ಬಲ 360 ನ್ಯೂಟನ್. ಕತ್ತಿಯ ತೂಕವನ್ನು ಅರ್ಧ ಮಾಡಿದರೆ 180. ಇದು ಸ್ಥೂಲ ಲೆಕ್ಕ. ಬೀಸುವ ಕತ್ತಿಯ ಪೂರ್ತಿ ತೂಕ ಏಟಿನ ಹಿಂದೆ ಇರುವುದಿಲ್ಲ. ಆದರೆ ಎಷ್ಟು ಪಾಲು ಕಡಿಮೆಯಾಯಿತು ಅನ್ನುವುದನ್ನು ನೋಡಿ: ಹತ್ತರಲ್ಲಿ ಒಂದು.

ಇನ್ನೊಂದು ಲಾಭವೂ ಉಂಟು. ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಅಂತ ಕಲಿತಿದ್ದೀರಿ. ಪಟ್ಟಿಯ ಅಂಚು ಕೆಲವು ಮಿಲಿಮೀಟರ್ ಅಗಲ. ಫೋಮಿನ ಕತ್ತಿ ಮೈಗೆ ತಾಗುವಾಗ ಚಪ್ಪಟೆಯಾಗಿ ಹರಡುತ್ತದೆ. ಬಲವೂ ಕಡಿಮೆ, ಅದು ಹಂಚಿಹೋಗುವ ಜಾಗವೂ ಹೆಚ್ಚು. ನಂಬಿಕೆ ಬರದಿದ್ದರೆ ಆವೆಮಣ್ಣನ್ನು ಕಲಸಿ ಹಲಗೆಯ ಮೇಲೆ ಹರಡಿ. ಒಂದೇ ಎತ್ತರದಿಂದ ಮೊದಲು ಬರೀ ಕೋಲು, ಮತ್ತೆ ಫೋಮು ಸುತ್ತಿದ ಕೋಲು ಬೀಳಿಸಿ. ನನ್ನ ತರಗತಿಯಲ್ಲಿ ಮೊದಲನೆಯದು ಆಳವಾದ ಗೆರೆ ಕೊರೆಯಿತು, ಎರಡನೆಯದು ಅಗಲವಾದ ಸಣ್ಣ ತಗ್ಗು ಮಾತ್ರ ಬಿಟ್ಟಿತು. ಸ್ಕೇಲು ಹಿಡಿದು ಆಳವನ್ನು ನೀವೇ ಅಳೆದು ಬರೆಯಿರಿ.

ಹಾಗಾದರೆ ಯಾವ ಫೋಮು? ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಥರ್ಮೋಕೋಲ್ ಹಗುರ, ಆದರೆ ಒಮ್ಮೆ ತಗ್ಗಾದರೆ ಮೇಲೆ ಬರುವುದಿಲ್ಲ, ಪುಡಿಯಾಗುತ್ತದೆ. ಎರಡನೇ ಏಟಿಗೆ ಅದು ಇಲ್ಲ ಅಂತಲೇ ಲೆಕ್ಕ. ಹಾಸಿಗೆಯ ಸ್ಪಂಜಿನಲ್ಲಿ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿವೆ. ಒತ್ತಿದಾಗ ಗಾಳಿ ಹೊರಗೆ ಓಡಿಹೋಗಿ ಒಳಗಿನ ಕೋಲು ಕೈಗೆ ಸಿಗುತ್ತದೆ. ಬೇಕಾದದ್ದು ಮುಚ್ಚಿದ ಕೋಶಗಳ ಫೋಮು. ಅದರ ಒಂದೊಂದು ಕೋಶವೂ ಬಾಯಿ ಕಟ್ಟಿದ ಪುಟ್ಟ ಬೆಲೂನು. ಒತ್ತಿದರೆ ಒಳಗಿನ ಗಾಳಿ ತಿರುಗಿ ಒತ್ತುತ್ತದೆ. ಹೊಸ ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಬಾಗುವ ಬಿಳಿ ಫೋಮಿನ ಹಾಳೆ, ಹಳೆಯ ಯೋಗ ಮ್ಯಾಟು, ಎ.ಸಿ. ಪೈಪಿಗೆ ಸುತ್ತುವ ಕಪ್ಪು ಕೊಳವೆ, ಇವೆಲ್ಲ ಈ ಜಾತಿಯವು. ಹೆಚ್ಚಿನದು ಗುಜರಿಯಲ್ಲೇ ಸಿಗುತ್ತದೆ.

ಒಳಗಿನ ಕೋಲಿನ ವಿಷಯ ಇನ್ನೂ ಮುಖ್ಯ. ಏಳನೇ ತರಗತಿಯ ಒಳಗಿನವರಿಗೆ ಕೋಲೇ ಬೇಡ ಅಂತ ನನ್ನ ಅಭಿಪ್ರಾಯ. ಫೋಮಿನ ಹಾಳೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಬಟ್ಟೆಯ ಟೇಪು ಹಾಕಿದರೆ ಮೊಳಕ್ಕಿಂತ ಸ್ವಲ್ಪ ಉದ್ದದ ಕತ್ತಿ ಚೆನ್ನಾಗಿಯೇ ನಿಲ್ಲುತ್ತದೆ. ದೊಡ್ಡವರ ಕತ್ತಿಗೆ ಕೋಲು ಬೇಕಾದರೆ ಬಿದಿರು ಬೇಡ. ಅದು ಮುರಿದರೆ ಉದ್ದಕ್ಕೆ ಸಿಗಿದು ಚೂಪಾದ ಸೀಳು ಹೊರಬರುತ್ತದೆ. ಕಬ್ಬಿಣದ ಮಾತೇ ಬೇಡ. ವೈರಿಂಗ್‌ಗೆ ಹಾಕುವ ದಪ್ಪ ಗೋಡೆಯ ಪಿ.ವಿ.ಸಿ. ಪೈಪು ಆದೀತು. ಆದರೆ ಅದರ ಎರಡೂ ಬಾಯಿಗೆ ಮುಚ್ಚಳ ಹಾಕಲೇಬೇಕು. ಮುಚ್ಚಳವಿಲ್ಲದ ಪೈಪಿನ ತುದಿ ಒಂದು ದುಂಡಗಿನ ಉಳಿ ಇದ್ದ ಹಾಗೆ. ಹತ್ತು ಏಟಿನಲ್ಲಿ ಫೋಮನ್ನು ಒಳಗಿನಿಂದ ಕೊರೆದು ಹೊರಗೆ ಇಣುಕುತ್ತದೆ. ಮುಚ್ಚಳದ ಮೇಲೂ 6–7 ಸೆಂಟಿಮೀಟರ್ ಬರೀ ಫೋಮು ಇರಬೇಕು.

ತುದಿ ಅಗಲವಾಗಿರಬೇಕು ಅನ್ನುವುದಕ್ಕೆ ಕಾರಣ ಕಣ್ಣು. ದೊಡ್ಡವರ ಕಣ್ಣಿನ ಗೂಡು ಹತ್ತಿರ ಹತ್ತಿರ 4 ಸೆಂಟಿಮೀಟರ್ ಅಗಲ. ಅದಕ್ಕಿಂತ ತೆಳ್ಳಗಿನ ತುದಿ ಎಷ್ಟೇ ಮೆತ್ತಗಿದ್ದರೂ ಗೂಡಿನ ಒಳಗೆ ಹೋಗಬಲ್ಲದು. ಅಮೆರಿಕದ ಕೆಲವು ಕೂಟಗಳಲ್ಲಿ ಎರಡೂವರೆ ಇಂಚಿನ, ಅಂದರೆ ಸುಮಾರು 6.4 ಸೆಂಟಿಮೀಟರಿನ ಬಳೆಯೊಳಗೆ ತುದಿ ತೂರಬಾರದು ಅಂತ ನಿಯಮ ಇಟ್ಟುಕೊಂಡಿದ್ದಾರೆ. ನೀವೂ ರಟ್ಟಿನಲ್ಲಿ ಅಂಥ ಒಂದು ತೂತು ಕತ್ತರಿಸಿ ಇಟ್ಟುಕೊಳ್ಳಿ. ನಿಮ್ಮ ಅಳತೆಗೋಲು ಅದೇ.

ಮಾಡುವಾಗಲೂ ಎಚ್ಚರ ಬೇಕು. ಬ್ಲೇಡು ದೊಡ್ಡವರ ಕೈಯಲ್ಲಿರಲಿ. ರಬ್ಬರ್ ಅಂಟಿನ ವಾಸನೆ ತಲೆ ಸುತ್ತಿಸುತ್ತದೆ, ಬೆಂಕಿಯೂ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ದೀಪ ಬೇಡ. ಫೋಮನ್ನು ಸುಟ್ಟು ಆಕಾರ ಕೊಡಲು ಹೋಗಬೇಡಿ, ಆ ಹೊಗೆ ವಿಷ. ಗುರಾಣಿಗೆ ರಟ್ಟು ಸಾಕು, ಆದರೆ ಅದರ ಅಂಚಿಗೆ ಸುತ್ತಲೂ ಫೋಮು ಹಾಕಿ. ಗುರಾಣಿಯಲ್ಲಿ ಗಾಯ ಮಾಡುವುದು ಅಂಚೇ. ಯೋಗ ಮ್ಯಾಟಿನ ಕವಚ ನೋಡಲು ಚಂದ. ಆದರೆ ಅದು ವೇಷ, ರಕ್ಷಣೆಯಲ್ಲ. ಕವಚ ಹಾಕಿದ್ದಾನೆ ಅಂತ ಜೋರಾಗಿ ಹೊಡೆಯಬಾರದು.

ಇಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆಯನ್ನು ಮುಚ್ಚಿಡಲಾರೆ. "ಮೆತ್ತಗುಂಟು ಅಂತ ಗೊತ್ತಾದರೆ ಮಕ್ಕಳು ಇನ್ನೂ ಜೋರಾಗಿ ಬೀಸುವುದಿಲ್ಲವೇ ಟೀಚರ್?" ಅಂತ. ಬೀಸುತ್ತಾರೆ! ನಾನೇ ನೋಡಿದ್ದೇನೆ. ಅವರ ಮಾತು ಸರಿ. ಫೋಮು ಒಂದೇ ಸಾಲದು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಫೋಮು ತಳ ಮುಟ್ಟಿ ಒಳಗಿನ ಪೈಪು ತಾಗುತ್ತದೆ. ಅದಕ್ಕೇ ಆ ಕೂಟಗಳಲ್ಲಿ ಕಟ್ಟುನಿಟ್ಟಾದ ನಿಯಮಗಳುಂಟು. ತಪ್ಪಾದ ಕೂಡಲೇ ಯಾರಾದರೂ ಒಬ್ಬರು ಕೂಗಿ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸುವ ಪದ್ಧತಿಯೂ ಉಂಟು.

ನಮ್ಮ ಶಾಲೆಯ ಮಕ್ಕಳು ತಾವೇ ಕೂತು ಐದು ನಿಯಮ ಬರೆದಿದ್ದಾರೆ:

1. ತಲೆ, ಮುಖ, ಕುತ್ತಿಗೆಗೆ ಏಟಿಲ್ಲ.
2. ಬೀಸಬಹುದು, ತಿವಿಯಬಾರದು.
3. ಏಟು ತಾಗುವ ಮೊದಲೇ ಕೈ ಹಿಡಿತ ಸಡಿಲಿಸಬೇಕು.
4. "ನಿಲ್ಲಿ" ಅಂತ ಯಾರು ಕೂಗಿದರೂ ಎಲ್ಲರೂ ನಿಲ್ಲಬೇಕು. ಒಂದನೇ ತರಗತಿಯ ಮಗು ಕೂಗಿದರೂ.
5. ಪ್ರತಿ ಅಭ್ಯಾಸದ ಮೊದಲು ಪರೀಕ್ಷೆ. ಕತ್ತಿ ಮಾಡಿದವರು ತಮ್ಮದೇ ಕತ್ತಿಯಿಂದ ತಮ್ಮ ತೊಡೆಗೆ ಏಟು ತಿನ್ನಬೇಕು.

ಐದನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಪರೀಕ್ಷೆ ಹೇಗೆ? ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತುತ್ತಾ ಬನ್ನಿ. ಪೈಪು ಕೈಗೆ ಗಟ್ಟಿಯಾಗಿ ಸಿಕ್ಕಿದ ಕಡೆ ಫೋಮು ಸತ್ತಿದೆ ಅಂತ ಅರ್ಥ. ಮೆಲ್ಲಗೆ ಬಗ್ಗಿಸಿ ಕಿವಿಗೊಡಿ. ಕಿರ್ ಅಂದರೆ ಒಳಗೆ ಪೈಪು ಬಿರುಕು ಬಿಟ್ಟಿದೆ. ಹೊರಗಿನ ಟೇಪು ಒಳಗಿನ ಬಿರುಕನ್ನು ಮುಚ್ಚಿಡುತ್ತದೆ, ಹಾಗಾಗಿ ಕಣ್ಣನ್ನು ನಂಬಬೇಡಿ, ಕೈಯನ್ನು ನಂಬಿ.

ಮೊದಲ ದಿನ ಹನ್ನೊಂದು ಕತ್ತಿಗಳಲ್ಲಿ ನಾಲ್ಕು ಸೋತವು. ಅದರಲ್ಲಿ ಒಂದು ಎಲ್ಲಕ್ಕಿಂತ ಚಂದದ್ದು. ಚಿನ್ನದ ಬಣ್ಣದ ಹಿಡಿ, ಮಾಡಿದ ಹುಡುಗಿ ಎರಡು ಸಂಜೆ ಕೂತು ಬಣ್ಣ ಹಾಕಿದ್ದಳು. ತುದಿ ಒತ್ತಿದಾಗ ಪೈಪು ತಾಗಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಅದನ್ನು ಬದಿಗಿಟ್ಟು, "ಟೀಚರ್, ಇದು ಆಗುವುದಿಲ್ಲ, ನಾಳೆ ಬಿಚ್ಚಿ ಸರಿಮಾಡುತ್ತೇನೆ" ಅಂದಳು. ಮುಖ ಸಣ್ಣದಾಗಿತ್ತು, ಆದರೆ ಕೈ ತಡೆಯಲಿಲ್ಲ. ತಾನು ಮಾಡಿದ್ದನ್ನು ತಾನೇ ಪರೀಕ್ಷಿಸಿ, ಇದು ಸರಿಯಿಲ್ಲ ಅಂತ ಎಲ್ಲರ ಎದುರು ಹೇಳುವುದು ದೊಡ್ಡವರಿಗೂ ಕಷ್ಟ. ಮರದ ಪಟ್ಟಿ ಹಂಚಿದ ದಿನ ನನಗೆ ಅದು ಆಗಿರಲಿಲ್ಲ.

ಕಲೋತ್ಸವದ ಯಕ್ಷಗಾನಕ್ಕೆ ಈ ಕತ್ತಿ ತನ್ನಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಗುರುಗಳು ಕಲಿಸಿದ ಹೆಜ್ಜೆಯ ಲೆಕ್ಕ ಉಂಟು, ಆಯುಧ ಮೈಗೆ ತಾಗುವುದೇ ಇಲ್ಲ. ನಾನು ಹೇಳುವುದು ಕಲಿಯದೆ ಆಡುವ ಆಟಕ್ಕೆ, ತರಗತಿಯ ಸಣ್ಣ ನಾಟಕಕ್ಕೆ, ನೀರಿನ ಟಾಂಕಿಯ ಹಿಂದಿನ ಯುದ್ಧಕ್ಕೆ.

ಹಾಗಾಗಿ ಮಕ್ಕಳೇ, ಕೊಡೆಯ ಕಡ್ಡಿಯನ್ನು ಕೆಳಗಿಡಿ. ನಿಮ್ಮ ವಿಜ್ಞಾನದ ಟೀಚರನ್ನೋ ಸರ್ ಅವರನ್ನೋ ಕರೆದುಕೊಂಡು ಬನ್ನಿ, ಈ ಬರಹ ತೋರಿಸಿ. ಬೇಡ ಅಂದರೆ ಆವೆಮಣ್ಣಿನ ಪ್ರಯೋಗ ಮೊದಲು ಮಾಡಿ ತೋರಿಸಿ. ಯಾವ ಫೋಮಿಗೆ ಎಷ್ಟು ಆಳ ಬಿತ್ತು ಅಂತ ಅಳೆದ ಪಟ್ಟಿಯನ್ನು ನಮ್ಮ ಈ ಪತ್ರಿಕೆಗೆ ಕಳಿಸಿ. ಸೋತ ಕತ್ತಿಗಳ ಲೆಕ್ಕವನ್ನೂ ಬರೆಯಲು ಮರೆಯಬೇಡಿ.