ಎಲ್ಲಾ ಹಾಡಿಗೂ ‘ಜಾನಪದ’ ಅಂತ ಚೀಟಿ ಹಚ್ಚಬ್ಯಾಡ್ರಿ

ಮೊಬೈಲ್‌ನಾಗ ‘ಜಾನಪದ’ ಅಂತ ಹುಡುಕಿ ನೋಡ್ರಿ. ಟ್ರ್ಯಾಕ್ಟರ್ ಹಾಡು, ಕೈಕೊಟ್ಟ ಹುಡುಗಿಯ ಹಾಡು, ಹೋದ ವಾರ ಸ್ಟುಡಿಯೋದಲ್ಲಿ ಕೀಬೋರ್ಡ್ ಬಾರಿಸಿ ಮಾಡಿದ ಡಿಜೆ ಹಾಡು, ಎಲ್ಲದಕ್ಕೂ ಅದೇ ಹೆಸರು. ನಡುವೆ ಶಿಶುನಾಳ ಶರೀಫರ ತತ್ವಪದವೂ ‘ಜಾನಪದ’ವಾಗಿ ಕುಂತಿರುತ್ತದೆ. ಡಿಜೆಗೆ ಕುಣಿಯುವವರು ಕುಣೀಲಿ, ನನಗೇನೂ ಸಂಕಟವಿಲ್ಲ. ನನ್ನ ತಕರಾರು ಹೆಸರಿನದು.

‘ಜನರ ಪದ, ಅದಕ್ಕ ಜನಪದ’ ಅಂತ ನಮ್ಮ ಗೋಪನಕೊಪ್ಪದಲ್ಲೂ ಹೇಳುತ್ತಾರೆ. ಕೇಳಲು ಚೆಂದ, ಆದರೆ ತಪ್ಪು. ಸಂಸ್ಕೃತದಲ್ಲಿ ಪದ ಅಂದರೆ ಮೊದಲು ಹೆಜ್ಜೆ, ಕಾಲಿಟ್ಟ ಜಾಗ. ಜನ ಕಾಲೂರಿದ ನೆಲ ಜನಪದ. ಶಾಲೆಯಲ್ಲಿ ಓದಿದ 16 ಮಹಾಜನಪದಗಳು ನೆನಪಿವೆಯಲ್ಲ, ಅವು ರಾಜ್ಯಗಳು. ಇಂಗ್ಲಿಷಿನ ಫುಟ್ ಇದೇ ಬಳ್ಳಿಯದು. ನಾವು ತುಳಿಯುವ ಸೈಕಲ್ಲಿನ ಪೆಡಲ್ ಕೂಡ ಲ್ಯಾಟಿನ್ ದಾರಿ ಹಿಡಿದು ಬಂದ ಅದೇ ಬಳ್ಳಿಯ ಕಾಯಿ.

ಹೆಜ್ಜೆ ಮಾತಾಯಿತು, ಆಮೇಲೆ ಹಾಡಾಯಿತು. ಹಿಂದಿಯಲ್ಲಿ ಸೂರದಾಸರ ಪದ, ತೆಲುಗಿನಲ್ಲಿ ಕ್ಷೇತ್ರಯ್ಯನ ಪದಂ, ನಮ್ಮಲ್ಲಿ ದಾಸರ ಪದ. ‘ಹಾಡು’ ಮಾತ್ರ ಅಪ್ಪಟ ನಮ್ಮ ಮನೆತನದ್ದು. ಹಳಗನ್ನಡದಲ್ಲಿ ಅದು ‘ಪಾಡು’, ತಮಿಳು, ತೆಲುಗು, ಮಲಯಾಳದಲ್ಲಿ ಇಂದಿಗೂ ಪಾಡು. ‘ಒಂದ ಪದಾ ಹಾಡವಾ’ ಅಂತ ಅಜ್ಜಿಗೆ ಕೇಳುವಾಗ ಎರಡು ವಂಶದ ಶಬ್ದಗಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸುತ್ತೇವೆ. ಆದರೆ ಆ ಅಜ್ಜಿ ತನ್ನ ಹಾಡಿಗೆ ‘ಜಾನಪದ’ ಅನ್ನಲಿಲ್ಲ. ಬೀಸುವ ಪದ ಅಂದಳು, ಸೋಬಾನ ಪದ ಅಂದಳು.

ಜರ್ಮನಿಯಲ್ಲಿ ಹೆರ್ಡರ್ 1773ರಲ್ಲಿ ‘ಫೋಕ್ಸ್‌ಲೀಡ್’ ಅಂದ. ಇಂಗ್ಲೆಂಡಿನ ವಿಲಿಯಂ ಥಾಮ್ಸ್ 1846ರಲ್ಲಿ ‘ಫೋಕ್‌ಲೋರ್’ ಅಂದ. ಅದಕ್ಕೆ ಸಮವಾಗಿ ನಮ್ಮ ಪಂಡಿತರು ಬಳಸಿದ್ದು ಜಾನಪದ. ಪಾಠಕ್ಕೆ, ಸಂಶೋಧನೆಗೆ ಅದು ಬೇಕು. ಆದರೂ ಹಲಸಂಗಿ ಗೆಳೆಯರು 1931ರಲ್ಲಿ ತಂದ ಪುಸ್ತಕದ ಹೆಸರು ‘ಗರತಿಯ ಹಾಡು’. ಯಾರ ಹಾಡು ಅನ್ನುವುದು ಹೊದಿಕೆಯ ಮೇಲೇ ಇದೆ.

ಈಗಿನ ಚೀಟಿ ಅದನ್ನೇ ಅಳಿಸುತ್ತದೆ. ಕಾನೂನಿನಂತೆ ಹಾಡು ಬರೆದವನ ಹಕ್ಕು ಅವನ ಜೀವಮಾನ, ಮೇಲೆ 60 ವರ್ಷ. ಒಮ್ಮೆ ‘ಜಾನಪದ’ ಅಂತ ಬಿತ್ತೋ, ಬರೆದವರಾರು ಅಂತ ಯಾರೂ ಕೇಳುವುದಿಲ್ಲ. ಹಳ್ಳಿ ಹುಡುಗ ಕಟ್ಟಿದ ಹಾಡು ಇನ್ನೊಬ್ಬರ ಚಾನೆಲ್‌ನಲ್ಲಿ ಓಡುತ್ತದೆ, ರೊಕ್ಕ ಅವರ ಕಿಸೆಗೆ. ಇದರ ಉಲ್ಟಾ ಕೂಡ ಇದೆ: ಊರಿಗೆಲ್ಲ ಸೇರಿದ ಸೋಬಾನ ಪದದ ಮೇಲೆ ಯಾರದೋ ಲೋಗೊ!

ಶರೀಫರದು ಇನ್ನೂ ಅನ್ಯಾಯ. 1889ರಲ್ಲಿ ತೀರಿಕೊಂಡ ಅವರು ಪದಗಳಿಗೆ ಶಿಶುನಾಳಾಧೀಶನ ಅಂಕಿತ ಹಾಕಿದ್ದಾರೆ. ಅದು ಸಹಿ. ಸಹಿ ಇದ್ದ ಕಾಗದಕ್ಕೆ ‘ಬರೆದವರು ಗೊತ್ತಿಲ್ಲ’ ಅಂದಂತಾಯಿತು. (ಜಾನಪದ ವಿಶ್ವವಿದ್ಯಾಲಯದ ಗೊಟಗೋಡಿ, ಶರೀಫರ ಶಿಶುನಾಳ, ಎರಡೂ ಶಿಗ್ಗಾವಿ ತಾಲ್ಲೂಕಿನಲ್ಲೇ ಇವೆ!)

ಜಾತ್ರೆ ಕಮಿಟಿಯವರೇ, ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗುವ ಮುಂಚೆ ‘ಜಾನಪದ ಕಾರ್ಯಕ್ರಮ’ ಅನ್ನುವುದನ್ನು ಹೊಡೆದುಹಾಕಿ. ಗೀಗೀ ಪದ, ಡೊಳ್ಳಿನ ಪದ, ಹಂತಿ ಪದ, ಭಜನಿ ಪದ, ಮೊಹರಂದ ರಿವಾಯತ್ ಪದ, ಯಾವುದೋ ಅದನ್ನೇ ಬರೆಯಿರಿ. ಕೆಳಗೆ ಹಾಡುವವರ ಹೆಸರು, ಊರು. ಹೊಸ ಹಾಡಾದರೆ ಬರೆದವರ ಹೆಸರು. ಎರಡು ಸಾಲು ಹೆಚ್ಚಾದರೆ ಪ್ರೆಸ್ಸಿನವರೇನು ಬೇರೆ ರೊಕ್ಕ ಕೇಳುವುದಿಲ್ಲ.